ಯುಗಾದಿಗೊಂದು, ದಸರಾಕ್ಕೊಂದು: ಲಿವರ್ ಸ್ಕ್ಯಾನ್ ಬಗ್ಗೆ ನೀವು ಕೇಳಿದ್ದು

ಕಳೆದ ಸಂಚಿಕೆಯಲ್ಲಿ ಬೇರೇನೋ ಬರೆಯುತ್ತಾ, "ಸಿರೋಸಿಸ್ ಇರುವವರು ಲಿವರ್ ಕ್ಯಾನ್ಸರ್ ಬಂದಿದೆಯಾ ಅಂತ ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಬೇಕು" ಅಂತ ಒಂದು ಸಾಲು ಸೇರಿಸಿದ್ದೆ. ಸಿರೋಸಿಸ್ ಅಂದರೆ ಲಿವರ್ ತುಂಬಾ ಗಾಯದ ಕಲೆ ಕಟ್ಟಿ ಗಟ್ಟಿಯಾಗಿರುವುದು, ಸ್ಕ್ಯಾನ್ ಅಂದರೆ ಇಲ್ಲಿ ಅಲ್ಟ್ರಾಸೌಂಡ್. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ. ಹಾಗಾಗಿ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 61 ವರ್ಷ. ಹೆಪಟೈಟಿಸ್ ಬಿ ಇಂದ ಸಿರೋಸಿಸ್ ಆಗಿದೆ. ಮಾತ್ರೆ ತಗೊಳ್ತಾರೆ, ಆರಾಮಾಗಿದ್ದಾರೆ, ದಿನಾ ತೋಟಕ್ಕೆ ಹೋಗ್ತಾರೆ. ಐದು ಸಲ ಸ್ಕ್ಯಾನ್ ಆಯ್ತು, ಐದೂ ಸಲ ಏನೂ ಇಲ್ಲ. ಈ ಸಲ "ಏನೂ ಇಲ್ಲ ಅಂತ ಹೇಳಿಸ್ಕೊಳ್ಳೋಕೆ ನಾನ್ಯಾಕೆ ದುಡ್ಡು ಕೊಡ್ಲಿ" ಅಂತ ಕೂತುಬಿಟ್ಟಿದ್ದಾರೆ. ವರ್ಷಕ್ಕೊಂದು ಸಾಕಲ್ವಾ?
(ತಿಪಟೂರು)

ಉತ್ತರ: ಸಾಕಾಗಲ್ಲ. ಆದರೆ ನಿಮ್ಮ ತಂದೆ ಕೇಳಿದ್ದು ಒಳ್ಳೇ ಪ್ರಶ್ನೆ. ಅದನ್ನು ತಳ್ಳಿಹಾಕಬೇಡಿ, ಕೂತು ಉತ್ತರ ಹೇಳಿ.

ಲಿವರ್ ಒಳಗೆ ನೋವೇ ಗೊತ್ತಾಗುವುದಿಲ್ಲ. ಅದರ ಮೇಲೊಂದು ತೆಳು ಪೊರೆ ಇದೆ, ಗಡ್ಡೆ ಬೆಳೆದು ಆ ಪೊರೆಯನ್ನು ಎಳೆದಾಗ ಮಾತ್ರ ನೋವು. ಅಷ್ಟರಲ್ಲಿ ಗಡ್ಡೆ ಎಷ್ಟೋ ದೊಡ್ಡದಾಗಿರುತ್ತದೆ. ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು, ತೂಕ ಇಳಿಯಿತು ಅಂತ ಬರುವವರಲ್ಲಿ ಹೆಚ್ಚಿನವರಿಗೆ ಪೂರ್ತಿ ಗುಣವಾಗುವ ಚಿಕಿತ್ಸೆ ಕೊಡುವ ಹೊತ್ತು ಮೀರಿರುತ್ತದೆ. ತೋಟಕ್ಕೆ ಹೋಗುತ್ತಿದ್ದಾರೆ ಅನ್ನೋದು ಖುಷಿಯ ವಿಷಯ, ಆದರೆ ಗಡ್ಡೆ ಇಲ್ಲ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ.

ಇನ್ನು ಆರು ತಿಂಗಳ ಲೆಕ್ಕ. ಈ ಗಡ್ಡೆ ಎರಡರಷ್ಟಾಗಲು ಬಹಳಷ್ಟು ಜನರಲ್ಲಿ ನಾಲ್ಕರಿಂದ ಆರು ತಿಂಗಳು ಬೇಕು. ಇಂದು ಕಣ್ಣಿಗೆ ಬೀಳದ್ದು ಆರು ತಿಂಗಳಿಗೆ ಒಂದೆರಡು ಸೆಂಟಿಮೀಟರ್ ಆಗಿ ಸಿಗುತ್ತದೆ, ಆಗ ಕೈಯಲ್ಲಿ ದಾರಿಗಳಿರುತ್ತವೆ. ವರ್ಷ ಬಿಟ್ಟರೆ ಕೆಲವರಲ್ಲಿ ಅದು ಕೈ ಮೀರುತ್ತದೆ. ಹಾಗಾದರೆ ಮೂರು ತಿಂಗಳಿಗೊಮ್ಮೆ ಮಾಡಿದರೆ ಇನ್ನೂ ಒಳ್ಳೇದಲ್ವಾ ಅಂತ ಫ್ರಾನ್ಸಿನವರು ಸಿರೋಸಿಸ್ ಇರುವ 1,200ಕ್ಕೂ ಹೆಚ್ಚು ಜನರಲ್ಲಿ ನೋಡಿದರು, 2011ರಲ್ಲಿ ಅದು ಪ್ರಕಟವಾಯಿತು. ಲಾಭ ಆಗಲಿಲ್ಲ. ಬರೀ ಚಿಕ್ಕಪುಟ್ಟ ಚುಕ್ಕೆಗಳು ಜಾಸ್ತಿ ಕಂಡವು, ಗಾಬರಿ ಜಾಸ್ತಿ ಆಯಿತು ಅಷ್ಟೆ.

ಸ್ಕ್ಯಾನ್ ಮಾಡಿಸಿದರೆ ಜೀವ ಉಳಿಯುತ್ತದಾ ಅನ್ನುವುದಕ್ಕೆ ಶಾಂಘೈನ ಅಧ್ಯಯನವೊಂದಿದೆ, 2004ರದ್ದು. ಹೆಪಟೈಟಿಸ್ ಬಿ (ಲಿವರಿಗೆ ತಗುಲುವ ಒಂದು ವೈರಸ್) ಇದ್ದ ಸುಮಾರು 18,800 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮತ್ತು ಎಎಫ್‌ಪಿ ರಕ್ತ ಪರೀಕ್ಷೆ (ಲಿವರ್ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಹೆಚ್ಚಾಗಬಹುದಾದ ಒಂದು ಪ್ರೋಟೀನಿನ ಲೆಕ್ಕ), ಇನ್ನೊಂದಕ್ಕೆ ಇಲ್ಲ. ಮೊದಲ ಗುಂಪಿನಲ್ಲಿ ಲಿವರ್ ಕ್ಯಾನ್ಸರಿನಿಂದ ಸತ್ತವರು 37 ಪರ್ಸೆಂಟ್ ಕಡಿಮೆ. ತಮಾಷೆ ಏನಂದ್ರೆ, ಅಲ್ಲೂ ಜನ ಹೇಳಿದ ಸ್ಕ್ಯಾನ್‌ಗಳಲ್ಲಿ ಸುಮಾರು 60 ಪರ್ಸೆಂಟ್ ಮಾತ್ರ ಮಾಡಿಸಿದ್ದರು. ನಿಮ್ಮ ತಂದೆಯಂಥವರು ಶಾಂಘೈನಲ್ಲೂ ಇದ್ದರು ಅನ್ನಿ.

ನಾನು ನನ್ನ ಪೇಶೆಂಟ್‌ಗಳಿಗೆ ಹೇಳುವುದು ಇಷ್ಟೆ: ಯುಗಾದಿಗೊಂದು, ದಸರಾಕ್ಕೊಂದು. ಚೈತ್ರದಿಂದ ಆಶ್ವಯುಜಕ್ಕೆ ಸರಿಯಾಗಿ ಆರು ತಿಂಗಳು. ಅಧಿಕ ಮಾಸ ಬಂದ ವರ್ಷ ಒಂದು ತಿಂಗಳು ಹೆಚ್ಚಾಗಬಹುದು, ಅಷ್ಟಕ್ಕೆ ಮುಳುಗಿ ಹೋಗುವುದಿಲ್ಲ. ಹಬ್ಬ ಮರೆಯಲ್ಲ ಅಲ್ವಾ, ಸ್ಕ್ಯಾನೂ ಮರೆಯಲ್ಲ.

ಸ್ಕ್ಯಾನ್ ದಿನದ ಬಗ್ಗೆ ಎರಡು ಮಾತು, ಯಾಕಂದ್ರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಕಾಫಿ ಕೂಡ ಬೇಡ. ಮಲಗಿದ ಕೂಡಲೇ "ಸಿರೋಸಿಸ್ ಇದೆ, ಲಿವರಲ್ಲಿ ಗಡ್ಡೆ ಇದೆಯಾ ನೋಡಬೇಕು" ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ "ಹೊಟ್ಟೆ ಸ್ಕ್ಯಾನ್" ಅಂದರೆ ಕಿಡ್ನಿ, ಪಿತ್ತಕೋಶ, ಪ್ರಾಸ್ಟೇಟು ಎಲ್ಲದರ ಮೇಲೂ ಒಂದು ಸುತ್ತು ಹೊಡೆದು ಕಳಿಸಿಬಿಡುತ್ತಾರೆ. ಲಿವರಿನ ಮೇಲ್ಭಾಗ ಪಕ್ಕೆಲುಬಿನ ಕೆಳಗೆ ಅಡಗಿರುತ್ತದೆ. ಅದಕ್ಕೇ ಆ ತಣ್ಣನೆ ಜೆಲ್ ಹಚ್ಚಿ, ಎಡಕ್ಕೆ ಹೊರಳಿಸಿ, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂತ ಹತ್ತು ಸಲ ಹೇಳುವ ಡಾಕ್ಟರ್ ಸಿಕ್ಕಿದರೆ ಬೇಜಾರು ಮಾಡ್ಕೋಬೇಡಿ, ಒಳ್ಳೆಯವರು ಸಿಕ್ಕಿದ್ದಾರೆ ಅಂತ ಅರ್ಥ. ಪ್ರತಿ ಸಲ ಎಎಫ್‌ಪಿಯನ್ನೂ ಮಾಡಿಸಿ. ಸಿರೋಸಿಸ್ ಆದ ಲಿವರ್ ಒಳಗೆಲ್ಲ ಗಂಟುಗಂಟು, ಅದರ ನಡುವೆ ಹೊಸ ಸಣ್ಣ ಗಡ್ಡೆ ಹುಡುಕುವುದು ಕಷ್ಟ. ಸ್ಕ್ಯಾನ್ ಒಂದೇ ಆದರೆ ಸಣ್ಣದಿರುವಾಗಲೇ ಸಿಗುವುದು ಅರ್ಧಕ್ಕಿಂತ ಕಡಿಮೆ. ಎಎಫ್‌ಪಿ ಜೊತೆಗಿದ್ದರೆ 63 ಪರ್ಸೆಂಟ್ ಹತ್ತಿರ. ರಿಪೋರ್ಟಿನಲ್ಲಿ "ಲಿವರ್ ಸರಿಯಾಗಿ ಕಾಣಲಿಲ್ಲ" ಅಂತ ಬರೆದಿದ್ದರೆ ಅದು ನಾರ್ಮಲ್ ಅಲ್ಲ, ಡಾಕ್ಟರಿಗೆ ತೋರಿಸಿ, ಎಂಆರ್‌ಐ ಬೇಕಾಗಬಹುದು.

ಇನ್ನೊಂದು. ಆ ನುಣುಪಾದ ಪೇಪರಿನ ಮೇಲೆ ಬರುವ ಸ್ಕ್ಯಾನ್ ಚಿತ್ರಗಳು ಬಿಸಿ ತಾಗಿದರೆ ಕಪ್ಪಾಗುತ್ತವೆ. ಅಡುಗೆಮನೆ ಅಟ್ಟದ ಮೇಲೆ ಪ್ಲಾಸ್ಟಿಕ್ ಕವರಲ್ಲಿಟ್ಟು ಮೂರು ವರ್ಷದ ಚಿತ್ರಗಳನ್ನು ಮಸಿ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ಅವತ್ತೇ ಮೊಬೈಲಲ್ಲಿ ಫೋಟೊ ತೆಗೆದಿಡಿ. ಹಿಂದಿನ ರಿಪೋರ್ಟ್ ಇದ್ದರೆ ಈ ಚುಕ್ಕೆ ಹೊಸದಾ ಹಳೇದಾ ಅಂತ ಗೊತ್ತಾಗುತ್ತದೆ. ಐದು ಸಲ ಏನೂ ಇಲ್ಲ ಅಂತ ಬಂದ ಆ ರಿಪೋರ್ಟುಗಳು ದಂಡ ಅಲ್ಲ, ಆರನೆಯದನ್ನು ಓದೋಕೆ ಅವೇ ಬೇಕು.

ಪ್ರಶ್ನೆ: ನನಗೆ 46. ಕಂಪನಿ ಹೆಲ್ತ್ ಚೆಕಪ್‌ನಲ್ಲಿ "ಫ್ಯಾಟಿ ಲಿವರ್ ಗ್ರೇಡ್ 1" ಅಂತ ಬಂತು. ಗೂಗಲ್ ಮಾಡಿದೆ, ಕ್ಯಾನ್ಸರ್ ವರೆಗೆ ಹೋಗುತ್ತೆ ಅಂತಿದೆ. ನಾನೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸ್ಬೇಕಾ?
(ಬೆಂಗಳೂರು)

ಉತ್ತರ: ಬೇಡ. ಗೂಗಲ್ ಬಿಡಿ, ಕ್ಯಾಲ್ಕುಲೇಟರ್ ತಗೊಳ್ಳಿ.

ಗ್ರೇಡ್ 1, 2, 3 ಅನ್ನೋದು ಕೊಬ್ಬು ಎಷ್ಟಿದೆ ಅನ್ನುವ ಲೆಕ್ಕ. ನಮಗೆ ಬೇಕಾದ್ದು ಕಲೆ ಎಷ್ಟಾಗಿದೆ, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅನ್ನೋದು. ಅದಕ್ಕೆ ಫಿಬ್-4 ಅಂತ ಒಂದು ಸುಲಭ ಲೆಕ್ಕವಿದೆ, ನಿಮ್ಮ ಚೆಕಪ್ ರಿಪೋರ್ಟಿನಲ್ಲೇ ಎಲ್ಲ ಅಂಕಿಗಳೂ ಇರುತ್ತವೆ. ಎಎಸ್‌ಟಿ, ಎಎಲ್‌ಟಿ ಅನ್ನುವುದು ಲಿವರ್ ರಕ್ತ ಪರೀಕ್ಷೆಯಲ್ಲಿ ಬರುವ ಎರಡು ಅಂಕಿಗಳು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪ್ಲೇಟ್‌ಲೆಟ್ 2.3 ಲಕ್ಷ ಅಂತಿದ್ದರೆ 230 ಅಂತ ಹಾಕಬೇಕು. ಉದಾಹರಣೆಗೆ ನಿಮ್ಮ ವಯಸ್ಸು 46, ಎಎಸ್‌ಟಿ 38, ಎಎಲ್‌ಟಿ 49 ಅಂತಿಟ್ಟುಕೊಳ್ಳಿ. 46 ಸಲ 38 ಅಂದರೆ 1748. 230 ಸಲ 7 ಅಂದರೆ 1610. ಭಾಗಿಸಿದರೆ 1.09. ನಿಮ್ಮ ವಯಸ್ಸಿನಲ್ಲಿ 1.3ಕ್ಕಿಂತ ಕಡಿಮೆ ಬಂದರೆ ಕಲೆ ಹೆಚ್ಚಾಗಿರುವ ಸಾಧ್ಯತೆ ಕಡಿಮೆ. ತೂಕ ಇಳಿಸಿ, ಶುಗರ್ ನೋಡ್ಕೊಳ್ಳಿ, ಒಂದೆರಡು ವರ್ಷ ಬಿಟ್ಟು ಇದೇ ಲೆಕ್ಕ ಮತ್ತೆ ಮಾಡಿ. 1.3 ದಾಟಿದರೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಸಿರೋಸಿಸ್ ಅಂತ ಬಂದರೆ ಆಗ ನೀವೂ ಯುಗಾದಿ-ದಸರಾ ಗುಂಪಿಗೆ ಸೇರ್ತೀರಿ.

ಪ್ರಶ್ನೆ: ಕುಡಿತ ಬಿಟ್ಟು ನಾಲ್ಕು ವರ್ಷ ಆಯ್ತು ಸಾರ್. ಒಂದು ತೊಟ್ಟೂ ಮುಟ್ಟಿಲ್ಲ. ಇನ್ನೂ ಸ್ಕ್ಯಾನ್ ಬೇಕಾ?
(ಮಂಡ್ಯ)

ಉತ್ತರ: ನಾಲ್ಕು ವರ್ಷ ಬಿಟ್ಟಿದ್ದೀರಲ್ಲ, ಅದು ಸಣ್ಣ ಮಾತಲ್ಲ. ಆದರೆ ಸಿರೋಸಿಸ್ ಆಗಿತ್ತು ಅಂತಾದರೆ ಹೌದು, ಬೇಕು. ಕುಡಿತ ಹೋಯಿತು, ಲಿವರ್ ಮೇಲಿನ ಕಲೆ ಹೋಗಲಿಲ್ಲ. ಅಪಾಯ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ.

ಇದೇ ಮಾತನ್ನು ಹೆಪಟೈಟಿಸ್ ಸಿ ಗುಣವಾದವರಿಗೂ ಹೇಳಬೇಕು. ಈ ವಿಷಯದಲ್ಲಿ ನನ್ನದೇ ಒಂದು ತಪ್ಪಿದೆ. ಹೆಪಟೈಟಿಸ್ ಸಿ ಇದ್ದ ಒಬ್ಬರಿಗೆ ಹನ್ನೆರಡು ವಾರ ಮಾತ್ರೆ ಕೊಟ್ಟೆ. ಈಗಿನ ಮಾತ್ರೆಗಳಲ್ಲಿ ನೂರಕ್ಕೆ 95 ಜನರಿಗೆ ವೈರಸ್ ಹೋಗೇಬಿಡುತ್ತದೆ, ಅವರಿಗೂ ಹೋಯಿತು. ನಾನು ಖುಷಿಯಲ್ಲಿ "ಗುಣ ಆಯ್ತು, ಹೋಗಿ ಬನ್ನಿ" ಅಂದೆ. ಸಿರೋಸಿಸ್ ಇದೆ, ಸ್ಕ್ಯಾನ್ ಬಿಡಬೇಡಿ ಅಂತ ಚೀಟಿಯಲ್ಲಿ ಬರೆದಿದ್ದೆ, ಆದರೆ ಬಾಯಲ್ಲಿ ಒತ್ತಿ ಹೇಳಲಿಲ್ಲ. ಡಾಕ್ಟರ ಕೈಬರಹ ನಿಮಗೆ ಗೊತ್ತಲ್ಲ. ಮೂರು ವರ್ಷ ಬಿಟ್ಟು ಬಂದಾಗ ಏಳು ಸೆಂಟಿಮೀಟರ್ ಗಡ್ಡೆ. "ಗುಣ ಆಯ್ತು ಅಂದಿದ್ರಲ್ಲ ಸಾರ್" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ತಾರೀಕು ಹಾಕಿ ಬರೆದುಕೊಡುತ್ತೇನೆ.

ಪ್ರಶ್ನೆ: ಅಮ್ಮನಿಗೆ ಸಿರೋಸಿಸ್. ಈ ಸಲದ ಸ್ಕ್ಯಾನಿನಲ್ಲಿ 2.2 ಸೆಂ.ಮೀ. ಗಡ್ಡೆ ಕಂಡಿತು. ಸಿ.ಟಿ. ಮಾಡಿಸಿ, ಕ್ಯಾನ್ಸರೇ ಅಂದರು. ಬಯಾಪ್ಸಿ ಮಾಡದೆ ಹೇಗೆ ಹೇಳ್ತಾರೆ? ಸೂಜಿ ಹಾಕಿ ಸುಡ್ತೀವಿ ಅಂತಾರೆ. ಆಪರೇಷನ್ ಬೇಡ್ವಾ?
(ಶಿವಮೊಗ್ಗ)

ಉತ್ತರ: ನಿಮ್ಮ ಅನುಮಾನ ಸಹಜ. ಬೇರೆ ಹೆಚ್ಚಿನ ಕ್ಯಾನ್ಸರಿಗೆಲ್ಲ ತುಂಡು ತೆಗೆದು ನೋಡುತ್ತಾರೆ, ಇಲ್ಲಿ ಮಾತ್ರ ಯಾಕಿಲ್ಲ?

ಒಂದು ತೋಟಕ್ಕೆ ಕಾಲುವೆ ನೀರೂ ಇದೆ, ಬೋರ್‌ವೆಲ್ಲೂ ಇದೆ ಅಂತಿಟ್ಟುಕೊಳ್ಳಿ. ಲಿವರಿಗೂ ಹಾಗೇ ಎರಡು ಕಡೆಯಿಂದ ರಕ್ತ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ್ದು, ಅದು ಕಾಲುವೆ. ಉಳಿದದ್ದು ಹೃದಯದ ಕಡೆಯಿಂದ ಬರುವ ಅಪಧಮನಿಯದು, ಅದು ಬೋರ್‌ವೆಲ್. ಕ್ಯಾನ್ಸರ್ ಗಡ್ಡೆ ಬೆಳೆಯುತ್ತಾ ಬೋರ್‌ವೆಲ್ಲಿಗೇ ಪೈಪು ಹಾಕಿಕೊಳ್ಳುತ್ತದೆ, ಕಾಲುವೆ ನೀರು ಅದಕ್ಕೆ ಬೇಡ. ಸಿ.ಟಿ. ಮಾಡುವಾಗ ಕೈಗೆ ಬಣ್ಣದ ಔಷಧಿ ಚುಚ್ಚುತ್ತಾರಲ್ಲ, ಅದು ಮೊದಲ ಅರ್ಧ ನಿಮಿಷ ಬೋರ್‌ವೆಲ್ಲಿನಲ್ಲಿ ಬರುತ್ತದೆ, ಆಗ ಗಡ್ಡೆ ಮಾತ್ರ ಫಳ್ ಅಂತ ಹೊಳೆಯುತ್ತದೆ. ಆಮೇಲೆ ಕಾಲುವೆಯಲ್ಲಿ ಬಂದಾಗ ಇಡೀ ಲಿವರ್ ಬೆಳ್ಳಗಾಗುತ್ತದೆ, ಗಡ್ಡೆ ಮಂಕಾಗುತ್ತದೆ. ಸಿರೋಸಿಸ್ ಇರುವವರಲ್ಲಿ ಒಂದು ಸೆಂಟಿಮೀಟರ್ ದಾಟಿದ ಗಡ್ಡೆ ಹೀಗೆ ಮೊದಲು ಹೊಳೆದು ಆಮೇಲೆ ಮಂಕಾದರೆ ಅದು ಲಿವರ್ ಕ್ಯಾನ್ಸರ್ ಅಂತಲೇ ಲೆಕ್ಕ. ಸೂಜಿ ಚುಚ್ಚಿ ರಕ್ತಸ್ರಾವದ ಅಪಾಯ ಯಾಕೆ ತಗೋಬೇಕು? ಚಿತ್ರ ಹೀಗೆ ಸ್ಪಷ್ಟವಾಗಿ ಇಲ್ಲದಿದ್ದರೆ ಮಾತ್ರ ಬಯಾಪ್ಸಿ.

ಸುಡುವ ವಿಷಯ. ಸ್ಕ್ಯಾನ್ ನೋಡುತ್ತಾ ಚರ್ಮದ ಮೇಲಿಂದ ಒಂದು ಉದ್ದ ಸೂಜಿ ಗಡ್ಡೆಯೊಳಗೆ ಇಳಿಸಿ, ರೇಡಿಯೊ ತರಂಗ ಅಥವಾ ಮೈಕ್ರೋವೇವಿನಿಂದ ಬಿಸಿ ಮಾಡುತ್ತಾರೆ. ಮೂರು ಸೆಂಟಿಮೀಟರ್ ಒಳಗಿದ್ದರೆ ಇದರ ಫಲ ತುಂಬಾ ಚೆನ್ನಾಗಿದೆ. ಹೊಟ್ಟೆ ಕೊಯ್ಯುವುದಿಲ್ಲ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಸಿರೋಸಿಸ್ ಆದ ಲಿವರಿನಲ್ಲಿ ಕೊಯ್ದು ತೆಗೆದರೆ ಉಳಿದ ಭಾಗ ಕೆಲಸ ಮಾಡದೇ ಹೋಗಬಹುದು ಅನ್ನುವ ಭಯವೂ ಇಲ್ಲಿ ಕಡಿಮೆ. ನಿಮ್ಮ ಡಾಕ್ಟರ್ ಸರಿಯಾಗೇ ಹೇಳಿದ್ದಾರೆ. ದೊಡ್ಡದಾಗಿದ್ದರೆ ಅಥವಾ ಹಲವು ಇದ್ದರೆ ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ ಗಡ್ಡೆಯ ಬೋರ್‌ವೆಲ್ ಪೈಪಿಗೇ ಔಷಧಿ ಬಿಟ್ಟು ಅದರ ಬಾಯಿ ಮುಚ್ಚುತ್ತಾರೆ. ಅದಕ್ಕೆ ಟೇಸ್ ಅಂತಾರೆ.

ಒಂದು ಕಹಿ ಮಾತು ಹೇಳಲೇಬೇಕು. ಸುಟ್ಟಿದ್ದು ಆ ಗಡ್ಡೆಯನ್ನು ಮಾತ್ರ, ಅದು ಹುಟ್ಟಿದ ಲಿವರ್ ಹಾಗೇ ಇದೆ. ಐದು ವರ್ಷದೊಳಗೆ ಬಹುಪಾಲು ಜನರಲ್ಲಿ ಇನ್ನೊಂದು ಗಡ್ಡೆ ಕಾಣುತ್ತದೆ. ಅದಕ್ಕೇ ಮೊದಲೆರಡು ವರ್ಷ ಮೂರ್ನಾಲ್ಕು ತಿಂಗಳಿಗೊಮ್ಮೆ ಸಿ.ಟಿ. ಅಥವಾ ಎಂಆರ್‌ಐ. ಮತ್ತೆ ಬಂದರೆ ಮತ್ತೆ ಸುಡಬಹುದು. ಲಿವರ್ ಕಸಿ ಬಗ್ಗೆಯೂ ಈಗಲೇ ಕೇಳಿ. ಯಾರಿಗೆ ಕಸಿ ಮಾಡಬಹುದು ಅಂತ 1996ರಲ್ಲಿ ಇಟಲಿಯ ಮಿಲಾನಿನ ಡಾಕ್ಟರುಗಳು ಹಾಕಿದ ಗೆರೆ ಇಂದಿಗೂ ಚಾಲ್ತಿಯಲ್ಲಿದೆ: ಒಂದೇ ಗಡ್ಡೆಯಾದರೆ 5 ಸೆಂಟಿಮೀಟರ್ ಒಳಗೆ, ಮೂರರವರೆಗೆ ಇದ್ದರೆ ಒಂದೊಂದೂ 3ರ ಒಳಗೆ. ಅಮ್ಮ ಆ ಗೆರೆಯೊಳಗೇ ಇದ್ದಾರೆ. ವಯಸ್ಸು, ಹೃದಯ ಎಲ್ಲ ನೋಡಿ ನಿರ್ಧರಿಸುತ್ತಾರೆ. ಮನೆಯವರು ಲಿವರಿನ ಒಂದು ಭಾಗ ಕೊಡಬಹುದು, ಕೊಟ್ಟವರಲ್ಲಿ ಅದು ಮತ್ತೆ ಬೆಳೆಯುತ್ತದೆ. ಇಲ್ಲದಿದ್ದರೆ ಕರ್ನಾಟಕದಲ್ಲಿ ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯ (ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ) ಕಾಯುವ ಪಟ್ಟಿಗೆ ಹೆಸರು ಕೊಡಬೇಕು.

ಪ್ರಶ್ನೆ: 2010ರಲ್ಲಿ ನಮ್ಮ ಚಿಕ್ಕಪ್ಪ ಇದೇ ಕಾಯಿಲೆಯಲ್ಲಿ ಹೋದರು. "ಒಂದು ಮಾತ್ರೆ ಇದೆ, ತಿಂಗಳಿಗೆ ಎರಡು ಮುಕ್ಕಾಲು ಲಕ್ಷ" ಅಂದಿದ್ದರು, ನಮ್ಮ ಕೈಲಾಗಲಿಲ್ಲ. ಈಗ ಪಕ್ಕದ ಮನೆಯವರಿಗೆ ಡ್ರಿಪ್ ಕೊಡ್ತಿದ್ದಾರೆ, ಓಡಾಡ್ಕೊಂಡಿದ್ದಾರೆ. ಅಷ್ಟು ಬದಲಾಗಿದೆಯಾ? ಆವತ್ತು ಸಾಲ ಮಾಡಬೇಕಿತ್ತಾ ಅಂತ ಈಗಲೂ ಅನ್ಸುತ್ತೆ.
(ಹುಬ್ಬಳ್ಳಿ)

ಉತ್ತರ: ಕೊನೆ ಪ್ರಶ್ನೆಗೆ ಮೊದಲು ಉತ್ತರ. ಬೇಕಿರಲಿಲ್ಲ. ಆ ಮಾತ್ರೆ ಸೊರಾಫೆನಿಬ್. 2007ರಿಂದ ಕಾಯಿಲೆ ಮುಂದುವರಿದವರಿಗೆ ಇದ್ದದ್ದು ಅದೊಂದೇ. ದೊಡ್ಡ ಅಧ್ಯಯನದಲ್ಲಿ ಅದು ಕೊಟ್ಟದ್ದು ಸರಾಸರಿ ಮೂರು ತಿಂಗಳು ಹೆಚ್ಚಿನ ಆಯುಸ್ಸು: ಮಾತ್ರೆ ಇಲ್ಲದವರಿಗೆ ಎಂಟು ತಿಂಗಳು, ಇದ್ದವರಿಗೆ ಹತ್ತು ಮುಕ್ಕಾಲು. ಮನೆ ಅಡವಿಟ್ಟು ಕೊಡಿಸದೇ ಇದ್ದದ್ದಕ್ಕೆ ನೀವು ಕೊರಗಬೇಡಿ.

ಬೆಲೆಯ ಕಥೆ ಆಮೇಲೆ ಬದಲಾಯಿತು. 2012ರ ಮಾರ್ಚಿನಲ್ಲಿ ನಮ್ಮ ಪೇಟೆಂಟ್ ಕಚೇರಿ ದೇಶದ ಮೊದಲ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಒಬ್ಬರದ್ದಾದರೂ ಇನ್ನೊಬ್ಬರು ಮಾಡಿ ಮಾರಬಹುದು ಅನ್ನುವ ಅನುಮತಿ, ಕೊಟ್ಟದ್ದು ಇದೇ ಮಾತ್ರೆಗೆ. ಬೇಯರ್ ಕಂಪನಿ ತಿಂಗಳಿಗೆ ಸುಮಾರು 2.8 ಲಕ್ಷಕ್ಕೆ ಮಾರುತ್ತಿದ್ದದ್ದನ್ನು ಹೈದರಾಬಾದಿನ ನ್ಯಾಟ್ಕೊ 8,880 ರೂಪಾಯಿಗೆ ಕೊಡಬೇಕು ಅಂತಾಯಿತು. ಚಿಕ್ಕಪ್ಪನಿಗೆ ಅದು ಎರಡು ವರ್ಷ ತಡ, ಏನು ಮಾಡೋದು.

ನಿಜವಾದ ತಿರುವು 2020ರಲ್ಲಿ. ಅಟೆಜೊಲಿಜುಮಾಬ್, ಬೆವಾಸಿಜುಮಾಬ್ ಅನ್ನುವ ಎರಡು ಇಂಜೆಕ್ಷನ್ ಮೂರು ವಾರಕ್ಕೊಮ್ಮೆ. ಒಂದು, ನಮ್ಮ ದೇಹದ ಕಾವಲು ಕಣಗಳಿಗೆ ಹಾಕಿದ ಬ್ರೇಕ್ ತೆಗೆಯುತ್ತದೆ. ಇನ್ನೊಂದು, ಗಡ್ಡೆ ಹೊಸ ಪೈಪು ಹಾಕಿಕೊಳ್ಳುವುದನ್ನು ತಡೆಯುತ್ತದೆ. ಸೊರಾಫೆನಿಬ್ ಕೊಟ್ಟವರಲ್ಲಿ ಸರಾಸರಿ 13 ತಿಂಗಳು, ಇದರಲ್ಲಿ 19. 2022ರಲ್ಲಿ ಇನ್ನೊಂದು ಜೋಡಿ ಬಂತು, ಡರ್ವಾಲುಮಾಬ್ ಮತ್ತು ಟ್ರೆಮೆಲಿಮುಮಾಬ್. ಅದರಲ್ಲಿ ಸುಮಾರು ಐವರಲ್ಲಿ ಒಬ್ಬರು ಐದು ವರ್ಷಕ್ಕೂ ಇದ್ದಾರೆ. ನಾನು ಓದುವ ಕಾಲದಲ್ಲಿ ಹೀಗಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆವು.

ಹಾಗಂತ ಎಲ್ಲರಿಗೂ ಅಲ್ಲ. ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರಬೇಕು. ಕಾಮಾಲೆ, ಹೊಟ್ಟೆಯಲ್ಲಿ ನೀರು ಜಾಸ್ತಿ ಇದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಬೆವಾಸಿಜುಮಾಬ್ ಕೊಡುವ ಮೊದಲು ಎಂಡೋಸ್ಕೋಪಿ ಮಾಡಿ ಅನ್ನನಾಳದ ಉಬ್ಬಿದ ರಕ್ತನಾಳ ನೋಡಬೇಕು, ಇಲ್ಲದಿದ್ದರೆ ರಕ್ತವಾಂತಿ ಆಗಬಹುದು. ಖರ್ಚು ಇಂದಿಗೂ ಭಾರಿ. ಕಾರ್ಡಿನಲ್ಲಿ, ಇನ್ಶೂರೆನ್ಸಿನಲ್ಲಿ ಎಷ್ಟು ಬರುತ್ತದೆ, ಕಂಪನಿಯ ಸಹಾಯ ಯೋಜನೆ ಇದೆಯಾ ಅಂತ ಮೊದಲ ಡ್ರಿಪ್ಪಿಗೆ ಮುಂಚೆ ಕೇಳಿ. ಎರಡು ಡ್ರಿಪ್ ಕೊಡಿಸಿ ದುಡ್ಡು ಮುಗಿದು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಪ್ರಶ್ನೆ: ನನಗೀಗ ಏಳನೇ ತಿಂಗಳು. ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಬಂದಿದೆ. ಅತ್ತೆಯವರು ನನ್ನ ತಟ್ಟೆ ಲೋಟ ಬೇರೆ ಮಾಡಿದ್ದಾರೆ. ಮಗುವಿಗೂ ಬರುತ್ತಾ? ಮುಂದೆ ಕ್ಯಾನ್ಸರ್ ಆಗುತ್ತಾ?
(ರಾಯಚೂರು)

ಉತ್ತರ: ಈ ಪುಟವನ್ನು ಅತ್ತೆಯವರಿಗೇ ಓದಿ ಹೇಳಿ ತಾಯಿ. ಅಮ್ಮಾ, ಇದು ತಟ್ಟೆಯಿಂದ, ಲೋಟದಿಂದ, ಒಟ್ಟಿಗೆ ಊಟ ಮಾಡಿದರೆ ಬರುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಬೇರೆ ಇರಲಿ, ಅಷ್ಟು ಸಾಕು. ಮನೆಯವರೆಲ್ಲ ಒಮ್ಮೆ ಪರೀಕ್ಷೆ ಮಾಡಿಸಿ, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ.

ಈಗ ನಿಮಗೆ. ಈ ವಾರವೇ ವೈರಸ್ ಪ್ರಮಾಣದ ಪರೀಕ್ಷೆ ಮಾಡಿಸಿ. ಎರಡು ಲಕ್ಷ ಯೂನಿಟ್ ದಾಟಿದ್ದರೆ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಈಗಲೇ ಶುರು ಮಾಡುತ್ತಾರೆ, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಇಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಉಚಿತ, ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಹೆರಿಗೆ ಆಸ್ಪತ್ರೆಗೆ ಮೊದಲೇ ತಿಳಿಸಿ, ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆಯೂ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳು) ಇಂಜೆಕ್ಷನ್ನೂ ಬೀಳಬೇಕು. ನಂತರ 6, 10, 14 ವಾರಕ್ಕೆ ಉಳಿದವು. ಎದೆಹಾಲು ಧಾರಾಳವಾಗಿ ಕೊಡಿ.

ಇಷ್ಟೊಂದು ಅವಸರ ಯಾಕಂದ್ರೆ, ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ 90ರಲ್ಲಿ ಅದು ಜೀವನವಿಡೀ ಉಳಿಯುತ್ತದೆ. ಕ್ಯಾನ್ಸರಿನ ಬೀಜ ಅಲ್ಲಿ ಬೀಳುವುದು. ತೈವಾನಿನವರು 1984ರಲ್ಲಿ ಮಕ್ಕಳಿಗೆ ಈ ಲಸಿಕೆ ಶುರು ಮಾಡಿದರು, ಹತ್ತು ವರ್ಷದಲ್ಲಿ ಅಲ್ಲಿನ ಮಕ್ಕಳ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕಿಳಿಯಿತು. ಹೆರಿಗೆ ಆದಮೇಲೆ ನಿಮ್ಮ ಲಿವರನ್ನೂ ತೋರಿಸಿಕೊಳ್ಳುತ್ತಿರಿ, ಮಗುವಿನ ಗಡಿಬಿಡಿಯಲ್ಲಿ ಅದು ಬಿಟ್ಟುಹೋಗುತ್ತದೆ.

ಚುಟುಕಾಗಿ ಒಂದಿಷ್ಟು

ನೆಲನೆಲ್ಲಿ ರಸ ಕುಡಿದರೆ ಹೆಪಟೈಟಿಸ್ ಬಿ ಹೋಗುತ್ತಾ? (ಸಿರಸಿ) 1988ರಲ್ಲಿ ಚೆನ್ನೈನ ಸಂಶೋಧಕರು ಹೋಗುತ್ತದೆ ಅಂತ ಬರೆದಾಗ ಜಗತ್ತೇ ತಿರುಗಿ ನೋಡಿತ್ತು. ಬೇರೆ ಕಡೆ ಮಾಡಿದಾಗ ಆ ಫಲ ಬರಲಿಲ್ಲ. ಕುಡಿಯಲೇಬೇಕು ಅಂತಿದ್ದರೆ ಡಾಕ್ಟರಿಗೆ ಹೇಳಿ ಕುಡಿಯಿರಿ, ಟೆನೊಫೊವಿರ್ ಮಾತ್ರ ನಿಲ್ಲಿಸಬೇಡಿ. ಅದನ್ನು ಇದ್ದಕ್ಕಿದ್ದಂತೆ ಬಿಟ್ಟು ಲಿವರ್ ಕೈಕೊಟ್ಟವರಿದ್ದಾರೆ.

ಬೂಷ್ಟು ಹಿಡಿದ ಕಡಲೆಕಾಯಿ ಹುರಿದು ತಿನ್ನಬಹುದಾ? (ಚಳ್ಳಕೆರೆ) ಬೇಡ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ. ಹೆಪಟೈಟಿಸ್ ಬಿ ಇರುವವರಿಗೆ ಅದು ಎರಡು ಪಟ್ಟು ಕೆಟ್ಟದ್ದಲ್ಲ, ಹಲವು ಪಟ್ಟು.

ಕಾಫಿ ಲಿವರಿಗೆ ಒಳ್ಳೇದಂತೆ? (ಚಿಕ್ಕಮಗಳೂರು) ನಿಮ್ಮೂರಿನವರು ಕೇಳದೆ ಇನ್ಯಾರು ಕೇಳ್ತಾರೆ! ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಕಡಿಮೆ ಹಾಕ್ಕೊಳ್ಳಿ.

ಪ್ರಶ್ನೆ: ಅಜ್ಜಿಗೆ 84. ಸಿರೋಸಿಸ್ ತುಂಬಾ ಮುಂದುವರಿದಿದೆ. ತಿಂಗಳಿಗೆರಡು ಸಲ ಹೊಟ್ಟೆಯ ನೀರು ತೆಗೆಸ್ತೀವಿ, ಹಾಸಿಗೆ ಬಿಟ್ಟು ಏಳಲ್ಲ. ನಿಮ್ಮ ಲೇಖನ ಓದಿ ಸ್ಕ್ಯಾನ್ ಮಾಡಿಸೋಣ ಅಂತ ಅಪ್ಪ ಅಂತಿದ್ದಾರೆ.
(ಬೆಳಗಾವಿ)

ಉತ್ತರ: ಅಪ್ಪನ ಕಾಳಜಿ ಅರ್ಥವಾಗುತ್ತದೆ. ಆದರೆ ಬೇಡ. ಗಡ್ಡೆ ಹುಡುಕುವುದು ಸಿಕ್ಕರೆ ಏನಾದರೂ ಮಾಡಬಹುದು ಅಂತ. ಅಜ್ಜಿಯ ಈ ಸ್ಥಿತಿಯಲ್ಲಿ ಸುಡುವುದಕ್ಕಾಗಲಿ, ಇಂಜೆಕ್ಷನ್ನಿಗಾಗಲಿ, ಕಸಿಗಾಗಲಿ ದೇಹ ತಡೆಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಆಟೋದಲ್ಲಿ ಕೂರಿಸಿಕೊಂಡು ಹೋಗಿ ಅವರನ್ನು ಎಡಕ್ಕೂ ಬಲಕ್ಕೂ ಹೊರಳಿಸುವುದು ಬೇಡ. ನೀರು ತೆಗೆಸುವುದು ಮುಂದುವರಿಸಿ, ಮಲ ಕಟ್ಟದ ಹಾಗೆ ನೋಡಿಕೊಳ್ಳಿ, ಮಾತು ತೊದಲಿದರೆ, ಹಗಲೆಲ್ಲ ಮಂಪರು ಅನಿಸಿದರೆ ಡಾಕ್ಟರಿಗೆ ಫೋನ್ ಮಾಡಿ. ಉಪ್ಪು ಕಡಿಮೆ ಅಂತ ಊಟ ಬಿಡುತ್ತಿದ್ದಾರೆ ಅಂತಲೂ ಬರೆದಿದ್ದೀರಿ, ಮಜ್ಜಿಗೆಗೆ ಸ್ವಲ್ಪ ಉಪ್ಪು ಹಾಕಿ ಕೊಡಿ, ಕುಡಿಯಲಿ.